ಮಸುಕು ಕಣ್ಣಿನಲ್ಲೋ, ಪರದೆಯಲ್ಲೋ?

ಲವ್‌ಡೇಲಿನ ಜನರಿಗೆ ಮಸುಕು ಹೊಸದೇನಲ್ಲ. ಮಳೆಗಾಲದಲ್ಲಿ ಎದುರಿನ ಗುಡ್ಡವೂ ರೈಲು ನಿಲ್ದಾಣದ ಹೆಸರಿನ ಹಲಗೆಯೂ ಮಂಜಿನಲ್ಲಿ ಮರೆಯಾಗುವುದುಂಟು. ಹೊತ್ತೇರಿದ ಮೇಲೆ ಮಂಜು ಕರಗಿ ಎಲ್ಲವೂ ಮೊದಲಿನಂತೆ ಕಾಣುತ್ತದೆ. ಆದರೆ ಎಷ್ಟು ಹೊತ್ತೇರಿದರೂ ಕರಗದ ಇನ್ನೊಂದು ಮಸುಕು ಇದೆ. ಅದು ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿದಾಗ ಕೆಲವೊಮ್ಮೆ ಪರದೆಯ ಮೇಲೆ ಕಾಣಿಸಿಕೊಳ್ಳುವ ಮಸುಕು. ಅಕ್ಷರಗಳು ದಪ್ಪವಾಗಿ, ಅಂಚು ಕರಗಿದಂತೆ ಕಾಣುತ್ತವೆ. ದುಂಡಗಿನ ಚಂದ್ರ ಕೋಳಿಮೊಟ್ಟೆಯಂತಾಗುತ್ತಾನೆ.

ಆಗ ಮನೆಯಲ್ಲಿ ಮೊದಲು ಸಂಶಯ ಬರುವುದು ಮಗುವಿನ ಕಣ್ಣಿನ ಮೇಲೆ. ಕಣ್ಣು ಸರಿಯಿದೆ ಎಂದು ಗೊತ್ತಾದ ಮೇಲೆ ಅಪವಾದ ಪರದೆಯ ತಲೆಗೆ ಬರುತ್ತದೆ. ಘಾಟಿ ಇಳಿದು ಮೇಟ್ಟುಪಾಳ್ಯಕ್ಕೋ ಕೊಯಮತ್ತೂರಿಗೋ ಹೋಗಿ ಹೊಸ ಪರದೆ ಹಾಕಿಸೋಣವೆಂದು ಒಬ್ಬರು, ಗುಜರಿಗೆ ಕೊಡೋಣವೆಂದು ಇನ್ನೊಬ್ಬರು ಹೇಳುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು ಇದು. ಅನೇಕ ಸಲ ಪರದೆಯಲ್ಲಿ ಯಾವ ದೋಷವೂ ಇರುವುದಿಲ್ಲ. ದೋಷವಿರುವುದು ಪರದೆಗೆ ಚಿತ್ರ ಕಳುಹಿಸುವ ಒಂದು ಚಿಕ್ಕ ಕಾರ್ಯಕ್ರಮದಲ್ಲಿ. ಅದನ್ನು ಹಣ ಖರ್ಚಿಲ್ಲದೆ ಸರಿಪಡಿಸಬಹುದು. ಅದು ಹೇಗೆಂಬುದನ್ನು ಇಲ್ಲಿ ವಿವರಿಸಲು ಪ್ರಯತ್ನಿಸಿದ್ದೇವೆ.

ಲಿನಕ್ಸ್ ನಮ್ಮ ಮನೆಗೆ ಬಂದ ಬಗೆ

ಲಿನಕ್ಸ್ ಎಂಬುದು ಗಣಕವನ್ನು ನಡೆಸುವ ಮೂಲ ತಂತ್ರಾಂಶ. ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಇದನ್ನು ಆರಂಭಿಸಿದರು. ಇದನ್ನು ಯಾರು ಬೇಕಾದರೂ ಪಡೆಯಬಹುದು, ತಿದ್ದಬಹುದು, ಹಂಚಬಹುದು. ನಮ್ಮ ದೇಶದಲ್ಲಿ ಸಿ-ಡ್ಯಾಕ್ ಸಂಸ್ಥೆಯು ಇದರ ಆಧಾರದ ಮೇಲೆಯೇ ಬಾಸ್ ಎಂಬ ಭಾರತೀಯ ಆವೃತ್ತಿಯನ್ನು ಸಿದ್ಧಪಡಿಸಿತು.

ತಮಿಳುನಾಡು ಸರ್ಕಾರವು 2011ರ ಸೆಪ್ಟೆಂಬರ್ 15ರಂದು ವಿದ್ಯಾರ್ಥಿಗಳಿಗೆ ಉಚಿತ ಲ್ಯಾಪ್‌ಟಾಪ್ ಕೊಡುವ ಯೋಜನೆಯನ್ನು ಆರಂಭಿಸಿತು. ಆರಂಭದ ವರ್ಷಗಳ ಯಂತ್ರಗಳಲ್ಲಿ ವಿಂಡೋಸ್ ಮತ್ತು ಬಾಸ್ ಲಿನಕ್ಸ್ ಎರಡೂ ಇದ್ದವು. ಅಣ್ಣನಿಗೋ ಅಕ್ಕನಿಗೋ ಬಂದ ಅಂಥ ಯಂತ್ರವನ್ನು ಮನೆಯ ಕಿರಿಯರು ಇಂದಿಗೂ ಬಳಸುವುದುಂಟು. ಪಕ್ಕದ ಕೇರಳದ ಶಾಲೆಗಳಲ್ಲಂತೂ ಗಣಕದ ಪಾಠವೇ ಲಿನಕ್ಸಿನಲ್ಲಿ ನಡೆಯುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲಿಯೇ ಕಲಿಯುತ್ತಾರೆ.

ಇತ್ತೀಚೆಗೆ ಇನ್ನೊಂದು ಕಾರಣವೂ ಸೇರಿದೆ. ವಿಂಡೋಸ್ 7ಕ್ಕೆ ಕಂಪನಿಯ ರಕ್ಷಣೆ 2020ರ ಜನವರಿ 14ಕ್ಕೆ ನಿಂತಿತು. ವಿಂಡೋಸ್ 10ರ ಸಾಮಾನ್ಯ ರಕ್ಷಣೆ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೊಸ ವಿಂಡೋಸ್ 11 ಹಳೆಯ ಅನೇಕ ಯಂತ್ರಗಳನ್ನು ಒಪ್ಪುವುದಿಲ್ಲ. ಆದ್ದರಿಂದ ಗಟ್ಟಿಮುಟ್ಟಾದ ಹಳೆಯ ಲ್ಯಾಪ್‌ಟಾಪ್‌ಗಳಿಗೆ ಲಿನಕ್ಸ್ ಹಾಕುವುದು ಬುದ್ಧಿವಂತಿಕೆಯ ಮಾರ್ಗ. ಆದರೆ ಹಾಕಿದ ಮರುದಿನವೇ ಪರದೆ ಮಸುಕಾದರೆ, "ಲಿನಕ್ಸ್ ಎಂದರೆ ಹೀಗೇ" ಎಂದು ಕೈಬಿಡುವವರಿದ್ದಾರೆ. ಕಾರಣ ತಿಳಿದರೆ ಹಾಗೆ ಕೈಬಿಡಬೇಕಾಗಿಲ್ಲ.

ಪರದೆ ಎಂಬ ಚೌಕುಳಿ ಹಾಳೆ

ಗಣಿತದ ತರಗತಿಯಲ್ಲಿ ಬಳಸುವ ಗ್ರಾಫ್ ಹಾಳೆಯನ್ನು ನೆನಪಿಗೆ ತಂದುಕೊಳ್ಳಿ. ಲ್ಯಾಪ್‌ಟಾಪಿನ ಪರದೆಯೂ ಅಂಥ ಚಿಕ್ಕ ಚಿಕ್ಕ ಚೌಕಗಳ ಹಾಳೆಯೇ. ಒಂದೊಂದು ಚೌಕಕ್ಕೂ ಪಿಕ್ಸೆಲ್ ಎಂದು ಹೆಸರು. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ ಪರದೆಯಲ್ಲಿ ಅಡ್ಡಕ್ಕೆ 1366, ಉದ್ದಕ್ಕೆ 768 ಚೌಕಗಳಿರುತ್ತವೆ. ಗುಣಿಸಿ ನೋಡಿ: ಒಟ್ಟು 10,49,088. ಈ ಚೌಕಗಳು ಕಾರ್ಖಾನೆಯಲ್ಲಿಯೇ ಕೂರಿಸಿದವು. ಯಾವ ತಂತ್ರಾಂಶವೂ ಅವನ್ನು ಹೆಚ್ಚು ಮಾಡಲಾರದು, ಕಡಿಮೆ ಮಾಡಲಾರದು.

ಗಣಕವು ಅಷ್ಟೇ ಚೌಕಗಳ ಚಿತ್ರವನ್ನು ಕಳುಹಿಸಿದರೆ ಚಿತ್ರದ ಒಂದು ಚುಕ್ಕಿ ಪರದೆಯ ಒಂದು ಚೌಕದಲ್ಲಿ ಸರಿಯಾಗಿ ಕೂರುತ್ತದೆ. ಅಕ್ಷರ ಕೊರೆದಂತೆ ಸ್ಪಷ್ಟವಾಗಿರುತ್ತದೆ. ಆದರೆ ಗಣಕವು ಅಡ್ಡಕ್ಕೆ 1024, ಉದ್ದಕ್ಕೆ 768 ಚುಕ್ಕಿಗಳ ಚಿತ್ರವನ್ನು ಕಳುಹಿಸಿತು ಎನ್ನೋಣ. ಅದರಲ್ಲಿರುವ ಚುಕ್ಕಿಗಳು 7,86,432 ಮಾತ್ರ. ಪರದೆಯ ಒಳಗಿನ ಸಲಕರಣೆ ಆ ಚಿತ್ರವನ್ನು ಅಡ್ಡಕ್ಕೆ ಹಿಗ್ಗಿಸಿ ಪೂರ್ತಿ ಜಾಗ ತುಂಬಿಸುತ್ತದೆ. 1366ನ್ನು 1024ರಿಂದ ಭಾಗಿಸಿದರೆ ಸುಮಾರು ಒಂದೂ ಮೂರನೆಯ ಒಂದು ಪಾಲು ಬರುತ್ತದೆ. ಅಂದರೆ ಮೂರು ಚುಕ್ಕಿಗಳು ನಾಲ್ಕು ಚೌಕಗಳಲ್ಲಿ ಹರಡಿಕೊಳ್ಳಬೇಕು. ಉದ್ದದಲ್ಲಿ ಹಿಗ್ಗಿಲ್ಲ, ಅಡ್ಡದಲ್ಲಿ ಮಾತ್ರ ಹಿಗ್ಗಿದೆ. ಚಂದ್ರ ಮೊಟ್ಟೆಯಾದದ್ದು ಈ ಕಾರಣದಿಂದಲೇ.

ಮಸುಕು ಬರುವುದು ಹೇಗೆಂದು ವಿದ್ಯಾರ್ಥಿಗಳು ಸ್ವತಃ ಬಿಡಿಸಿ ನೋಡಬಹುದು. ಬಿಳಿ, ಕಪ್ಪು, ಬಿಳಿ ಎಂದು ಮೂರು ಚುಕ್ಕಿಗಳಿರಲಿ. ಅವುಗಳನ್ನು ನಾಲ್ಕು ಚೌಕಗಳ ಅಗಲಕ್ಕೆ ಹಿಗ್ಗಿಸಿ. ಮೊದಲನೆಯ ಚೌಕ ಬಿಳಿಯಾಗಿಯೇ ಉಳಿಯುತ್ತದೆ. ಎರಡನೆಯದರಲ್ಲಿ ಮೂರನೆಯ ಒಂದು ಪಾಲು ಬಿಳಿ, ಉಳಿದದ್ದು ಕಪ್ಪು. ಮೂರನೆಯದರಲ್ಲಿಯೂ ಎರಡು ಪಾಲು ಕಪ್ಪು, ಒಂದು ಪಾಲು ಬಿಳಿ. ನಾಲ್ಕನೆಯದು ಬಿಳಿ. ಒಂದು ಚೌಕ ಒಂದೇ ಬಣ್ಣವನ್ನು ತೋರಿಸಬಲ್ಲದಾದ್ದರಿಂದ ನಡುವಿನ ಎರಡೂ ಚೌಕಗಳು ಬೂದು ಬಣ್ಣ ತಾಳುತ್ತವೆ. ಒಂದು ಕಪ್ಪು ಗೆರೆಯಿದ್ದಲ್ಲಿ ಎರಡು ಬೂದು ಗೆರೆಗಳು ಬಂದವು. ನಾವು ಮಸುಕು ಎನ್ನುವುದು ಇದನ್ನೇ.

ಕನ್ನಡಕ್ಕೇ ಹೆಚ್ಚು ಪೆಟ್ಟು

ಈ ಮಸುಕಿನಿಂದ ಇಂಗ್ಲಿಷ್ ಓದುವವರಿಗಿಂತ ಕನ್ನಡ ಓದುವವರಿಗೆ ಹೆಚ್ಚು ತೊಂದರೆ. ನಮ್ಮ ಲಿಪಿಯಲ್ಲಿ ಚಿಕ್ಕ ಗುರುತುಗಳಿಗೆ ದೊಡ್ಡ ಅರ್ಥವಿದೆ. 'ದ'ಕಾರಕ್ಕೂ 'ಧ'ಕಾರಕ್ಕೂ ಇರುವ ವ್ಯತ್ಯಾಸ ಕೆಳಗಿನ ಒಂದು ಪುಟ್ಟ ಸೀಳು. 'ಪ'ಕಾರ 'ಫ'ಕಾರಗಳಿಗೂ ಹಾಗೆಯೇ. ಚಿಕ್ಕ ಅಕ್ಷರದಲ್ಲಿ ಆ ಸೀಳಿಗೆ ಸಿಗುವುದು ಒಂದೇ ಒಂದು ಚುಕ್ಕಿಯ ಅಗಲ. ಅದು ಬೂದಾಗಿ ಹರಡಿಬಿಟ್ಟರೆ ಧನವಂತನು ದನವಂತನಾಗುತ್ತಾನೆ!

ಒತ್ತಕ್ಷರಗಳ ಸ್ಥಿತಿ ಇನ್ನೂ ಕಷ್ಟ. 'ರಾಷ್ಟ್ರ', 'ಸ್ತ್ರೀ', 'ಲಕ್ಷ್ಮಿ' ಮೊದಲಾದ ಪದಗಳಲ್ಲಿ ಒಂದರ ಕೆಳಗೊಂದು, ಪಕ್ಕಕ್ಕೊಂದು ಒತ್ತುಗಳು ಕೂರುತ್ತವೆ. ಇಕ್ಕಟ್ಟಾದ ಆ ಜಾಗದಲ್ಲಿ ಗೆರೆಗಳ ನಡುವಿನ ಬಿಳಿಯ ಎಡೆ ಮುಚ್ಚಿಹೋದರೆ ಉಳಿಯುವುದು ಒಂದು ಮಸಿಯ ಮುದ್ದೆ. ಕನ್ನಡ ಮಾಧ್ಯಮದಲ್ಲಿ ಓದುವ ಮಗುವೊಂದು ಆ ಪರದೆಯಲ್ಲಿ ಪಾಠ ಓದುವಾಗ ಪದಗಳನ್ನು ಊಹಿಸಿ ಮುಂದೆ ಹೋಗಬೇಕಾಗುತ್ತದೆ. ಕಾಗುಣಿತ ತಪ್ಪುವುದಕ್ಕೂ ತಲೆನೋವು ಬರುವುದಕ್ಕೂ ಇಷ್ಟು ಸಾಕು. ಆದುದರಿಂದ ಇದನ್ನು ಅಂದಚೆಂದದ ವಿಷಯವೆಂದು ತಳ್ಳಿಹಾಕುವಂತಿಲ್ಲ.

ಡ್ರೈವರ್ ಎಂದರೆ ಯಾರು?

ಇಲ್ಲಿ ಡ್ರೈವರ್ ಎಂದರೆ ಬಸ್ಸು ಓಡಿಸುವವರಲ್ಲ. ಗಣಕದ ಒಂದೊಂದು ಭಾಗದೊಡನೆ ಅದರ ಭಾಷೆಯಲ್ಲಿಯೇ ಮಾತನಾಡಬಲ್ಲ ಚಿಕ್ಕ ಕಾರ್ಯಕ್ರಮಕ್ಕೆ ಡ್ರೈವರ್ ಎನ್ನುತ್ತಾರೆ. ಚಿತ್ರ ರಚಿಸಿ ಪರದೆಗೆ ಕಳುಹಿಸುವ ಭಾಗಕ್ಕೆ ಗ್ರಾಫಿಕ್ಸ್ ಚಿಪ್ ಎಂದು ಹೆಸರು. ಲ್ಯಾಪ್‌ಟಾಪ್‌ಗಳಲ್ಲಿ ಈ ಚಿಪ್ ಹೆಚ್ಚಾಗಿ ಇಂಟೆಲ್, ಎಎಂಡಿ, ಎನ್‌ವಿಡಿಯಾ ಎಂಬ ಮೂರು ಕಂಪನಿಗಳದ್ದಾಗಿರುತ್ತದೆ. ಒಂದೊಂದರ ಭಾಷೆಯೂ ಬೇರೆ ಬೇರೆ.

ಇದನ್ನು ತಿಳಿಯಲು ನಮ್ಮ ಗುಡ್ಡದ ರೈಲಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಮೇಟ್ಟುಪಾಳ್ಯದಿಂದ ಉದಕಮಂಡಲದವರೆಗೆ 46 ಕಿಲೋಮೀಟರ್ ಹಳಿಯಿದೆ. 1899ರಲ್ಲಿ ಕೂನೂರಿನವರೆಗೆ, 1908ರಲ್ಲಿ ಉದಕಮಂಡಲದವರೆಗೆ ರೈಲು ಬಂತು. ಕಲ್ಲಾರಿನಿಂದ ಕೂನೂರಿನವರೆಗೆ ಏರು ಬಹಳ ಕಡಿದು. ಹನ್ನೆರಡು ಅಡಿ ಸಾಗಿದರೆ ಸುಮಾರು ಒಂದಡಿ ಮೇಲೇರುವಷ್ಟು. ಅಲ್ಲಿ ಎರಡು ಹಳಿಗಳ ನಡುವೆ ಹಲ್ಲಿನ ಪಟ್ಟಿ ಹಾಸಿದ್ದಾರೆ. ಎಂಜಿನ್ನಿನ ಹಲ್ಲುಚಕ್ರ ಆ ಪಟ್ಟಿಯನ್ನು ಕಚ್ಚಿ ಹಿಡಿದು ಮೇಲೇರುತ್ತದೆ. ಕೂನೂರು ದಾಟಿದ ಮೇಲೆ ಕೇತ್ತಿ, ಲವ್‌ಡೇಲ್ ಮಾರ್ಗವಾಗಿ ಮುಂದಕ್ಕೆ ಹಲ್ಲುಪಟ್ಟಿ ಇಲ್ಲ. ಅಲ್ಲಿ ಡೀಸೆಲ್ ಎಂಜಿನ್ ರೈಲನ್ನು ಎಳೆಯುತ್ತದೆ.

ಲವ್‌ಡೇಲಿನಲ್ಲಿ ಸಲೀಸಾಗಿ ಓಡುವ ಆ ಡೀಸೆಲ್ ಎಂಜಿನ್ ಕೆಟ್ಟದ್ದೇನಲ್ಲ. ಆದರೆ ಅದಕ್ಕೆ ಹಲ್ಲುಚಕ್ರವಿಲ್ಲ. ಕಲ್ಲಾರಿನ ಏರಿನಲ್ಲಿ ನಡುವೆ ಹಲ್ಲುಪಟ್ಟಿ ಇದ್ದರೂ ಅದಕ್ಕೆ ಪ್ರಯೋಜನವಿಲ್ಲ. ಸಾಮಾನ್ಯ ಡ್ರೈವರ್ ಕೂಡ ಹೀಗೆಯೇ. ಅದು ಎಲ್ಲ ಚಿಪ್‌ಗಳಿಗೂ ಗೊತ್ತಿರುವ ನಾಲ್ಕಾರು ಮಾತುಗಳಲ್ಲಿ ಕೆಲಸ ಸಾಗಿಸುತ್ತದೆ. ಒಂದೊಂದು ಚಿಪ್ಪಿನ ವಿಶೇಷ ಸಾಮರ್ಥ್ಯ ಅದರ ಕೈಗೆ ಸಿಗುವುದಿಲ್ಲ.

ಸಾಮಾನ್ಯ ಡ್ರೈವರ್‌ಗಳಲ್ಲಿ ಹಳೆಯದು ವೆಸಾ. ಪರದೆಗಳ ಅಳತೆಗೆ ಒಂದು ಕಟ್ಟುಪಾಡು ತಂದ ಕಂಪನಿಗಳ ಸಂಘದ ಹೆಸರು ಅದು. ಆ ಕಾಲದಲ್ಲಿ ಪರದೆಗಳು ಅಗಲ ನಾಲ್ಕು ಪಾಲು, ಎತ್ತರ ಮೂರು ಪಾಲು ಇರುತ್ತಿದ್ದವು. ಆದ್ದರಿಂದ ಅದರ ಪಟ್ಟಿಯಲ್ಲಿ 640 × 480, 800 × 600, 1024 × 768 ಮೊದಲಾದ ಅಳತೆಗಳಿವೆ. ಅಗಲವಾದ 1366ರ ಅಳತೆ ಅನೇಕ ಹಳೆಯ ಯಂತ್ರಗಳಲ್ಲಿ ಆ ದಾರಿಯಿಂದ ಸಿಗುವುದೇ ಇಲ್ಲ. ಪರದೆಯೇನೋ ತನ್ನ ಅಳತೆಯನ್ನು 128 ಬೈಟುಗಳ ಒಂದು ಚಿಕ್ಕ ಚೀಟಿಯಲ್ಲಿ ಬರೆದು ಇಟ್ಟುಕೊಂಡಿರುತ್ತದೆ. ಸರಿಯಾದ ಡ್ರೈವರ್ ಆ ಚೀಟಿಯನ್ನು ಓದಿ ಅದರಂತೆ ಚಿಪ್ಪನ್ನು ನಡೆಸುತ್ತದೆ. ಸಾಮಾನ್ಯ ಡ್ರೈವರ್‌ಗೆ ಚೀಟಿಯ ಅಳತೆ ಸಿಕ್ಕಿದರೂ ಅದರಂತೆ ಚಿಪ್ಪನ್ನು ನಡೆಸುವ ಬಗೆ ತಿಳಿದಿರುವುದಿಲ್ಲ.

ಸಾಮಾನ್ಯ ಡ್ರೈವರ್ ಏಕೆ ಬಂದು ಕೂರುತ್ತದೆ?

ಸಾಮಾನ್ಯ ಡ್ರೈವರ್ ನಮ್ಮ ಶತ್ರುವಲ್ಲ. ಅದಿಲ್ಲದಿದ್ದರೆ ಪರದೆ ಪೂರ್ತಿ ಕಪ್ಪಾಗಿ, ತೊಂದರೆ ಏನೆಂದು ನೋಡಲೂ ಆಗುತ್ತಿರಲಿಲ್ಲ. ಅದು ಆಪತ್ತಿಗೆ ಬಂದ ನೆಂಟ. ಕೆಲಸ ಮುಗಿದ ಮೇಲೂ ಮನೆಯಲ್ಲಿಯೇ ಉಳಿದುಬಿಟ್ಟರೆ ತೊಂದರೆ. ಅದು ಉಳಿಯಲು ಮುಖ್ಯವಾಗಿ ಮೂರು ಕಾರಣಗಳಿವೆ.

ಮೊದಲನೆಯದು, ಲಿನಕ್ಸ್ ಹಾಕುವಾಗ ಪರದೆ ಬೆಳಗದಿದ್ದರೆ 'ಸುರಕ್ಷಿತ ಗ್ರಾಫಿಕ್ಸ್' ಎಂಬ ಆಯ್ಕೆಯನ್ನು ಬಳಸುವುದು. ಆ ಆಯ್ಕೆಯು ಗಣಕ ಏಳುವಾಗ ಓದುವ ಆದೇಶದಲ್ಲಿ 'ನೋಮೋಡ್‌ಸೆಟ್' ಎಂಬ ಪದವನ್ನು ಸೇರಿಸುತ್ತದೆ. 'ಚಿಪ್ಪಿನ ಸ್ವಂತ ಡ್ರೈವರ್ ಪರದೆಯ ಅಳತೆಯನ್ನು ಮುಟ್ಟದಿರಲಿ' ಎಂಬುದು ಅದರ ತಾತ್ಪರ್ಯ. ಅನುಸ್ಥಾಪನೆ ಮುಗಿದ ಮೇಲೂ ಕೆಲವೊಮ್ಮೆ ಆ ಪದ ಅಲ್ಲಿಯೇ ಉಳಿದಿರುತ್ತದೆ.

ಎರಡನೆಯದು, ಫರ್ಮ್‌ವೇರ್ ಇಲ್ಲದಿರುವುದು. ಎಎಂಡಿ ಮೊದಲಾದ ಚಿಪ್‌ಗಳಿಗೆ ಡ್ರೈವರ್ ಜೊತೆಗೆ ಕಂಪನಿ ಕೊಟ್ಟ ಒಂದು ಕಡತವೂ ಬೇಕು. ಬಾಸ್ ಮುಂತಾದ ಅನೇಕ ಆವೃತ್ತಿಗಳಿಗೆ ತಾಯಿಯಾದ ಡೆಬಿಯನ್, ಸ್ವತಂತ್ರವಲ್ಲದ ಇಂಥ ಕಡತಗಳನ್ನು ತನ್ನ ಮುಖ್ಯ ಅನುಸ್ಥಾಪನಾ ಡಿಸ್ಕಿನಲ್ಲಿ ಬಹುಕಾಲ ಸೇರಿಸಿರಲಿಲ್ಲ. 2023ರಲ್ಲಿ ಬಂದ 12ನೆಯ ಆವೃತ್ತಿಯಿಂದ ಸೇರಿಸತೊಡಗಿತು. ಹಳೆಯ ಡಿಸ್ಕಿನಿಂದ ಹಾಕಿದವರಿಗೆ ಈ ಕೊರತೆ ಕಾಡಬಹುದು.

ಮೂರನೆಯದು, ಚಿಪ್ಪಿನ ವಿವರಗಳು ಲಿನಕ್ಸ್ ಬರೆಯುವವರಿಗೆ ದೊರೆಯದಿರುವುದು. ಇಂಟೆಲ್ ಕಂಪನಿಯ ಹೆಚ್ಚಿನ ಚಿಪ್‌ಗಳಿಗೆ ಒಳ್ಳೆಯ ಡ್ರೈವರ್ ಲಿನಕ್ಸಿನ ಒಳಗೇ ಇದೆ. ಆದರೆ ಅದೇ ಕಂಪನಿಯ ಕೆಲವು ಆಟಂ ಕಿರುಯಂತ್ರಗಳಲ್ಲಿ ಬೇರೆಯವರಿಂದ ಪಡೆದ ಗ್ರಾಫಿಕ್ಸ್ ಭಾಗವಿತ್ತು. ಜಿಎಂಎ 500 ಅಂಥದ್ದು. ಅದಕ್ಕೆ ಮುಕ್ತ ಡ್ರೈವರ್ ಬರಲು ವರ್ಷಗಳೇ ಹಿಡಿದವು. ಬಂದ ಮೇಲೂ ಪರದೆಯ ಅಳತೆ ಸರಿಹೋಯಿತೇ ಹೊರತು ಮೂರು ಆಯಾಮದ ಚಿತ್ರಗಳಿಗೆ ವೇಗ ಬರಲಿಲ್ಲ. ಎನ್‌ವಿಡಿಯಾ ಚಿಪ್‌ಗಳಿಗಾಗಿ 'ನೂವೋ' ಎಂಬ ಡ್ರೈವರನ್ನು ಸ್ವಯಂಸೇವಕರು ಚಿಪ್ಪಿನ ನಡವಳಿಕೆಯನ್ನು ಪರೀಕ್ಷಿಸಿ ಪರೀಕ್ಷಿಸಿ ಕಟ್ಟಿದರು. ಮುಚ್ಚಿದ ಪೆಟ್ಟಿಗೆಯನ್ನು ತಟ್ಟಿ ನೋಡಿ ಒಳಗಿನದನ್ನು ತಿಳಿಯುವಂಥ ಸಾಹಸ ಅದು.

ಪರೀಕ್ಷಿಸುವ ಕ್ರಮ

ವೈದ್ಯರು ನಾಡಿ ನೋಡದೆ ಔಷಧ ಕೊಡುವುದಿಲ್ಲ. ನಾವೂ ಮೊದಲು ರೋಗ ಯಾವುದೆಂದು ತಿಳಿಯೋಣ.

1. ಸೆಟ್ಟಿಂಗ್ಸ್‌ನಲ್ಲಿ ಡಿಸ್‌ಪ್ಲೇ ವಿಭಾಗವನ್ನು ತೆರೆದು ರೆಸಲ್ಯೂಷನ್ ಎಷ್ಟಿದೆ ನೋಡಿ. ಲ್ಯಾಪ್‌ಟಾಪಿನ ಮಾದರಿಯ ವಿವರದಲ್ಲಿ ಬರೆದಿರುವ ಅಳತೆಗೂ ಇದಕ್ಕೂ ಹೊಂದಾಣಿಕೆ ಇರಬೇಕು. ಸರಿಯಾದ ಅಳತೆ ಪಟ್ಟಿಯಲ್ಲಿದ್ದೂ ಆಯ್ಕೆಯಾಗಿರದಿದ್ದರೆ, ಆರಿಸಿಕೊಳ್ಳಿ, ಕೆಲಸ ಮುಗಿಯಿತು. ಪಟ್ಟಿಯಲ್ಲಿಯೇ ಇಲ್ಲದಿದ್ದರೆ ಡ್ರೈವರ್ ಮೇಲೆ ಸಂಶಯ ಪಡಬಹುದು.

2. ಪರದೆಯ ಸ್ಕ್ರೀನ್‌ಶಾಟ್ ತೆಗೆದು ಅದನ್ನು ಬೇರೊಂದು ಯಂತ್ರದಲ್ಲಿ ನೋಡಿ. ಅಲ್ಲಿ ಅಕ್ಷರ ಸ್ಪಷ್ಟವಾಗಿದ್ದರೆ ಗಣಕ ಬರೆದ ಚಿತ್ರ ಸರಿಯಿದೆ, ಹಿಗ್ಗಿಸುವಾಗ ಕೆಟ್ಟಿದೆ ಎಂದರ್ಥ. ಅಲ್ಲಿಯೂ ಮಸುಕಾಗಿದ್ದರೆ ಸ್ಕೇಲಿಂಗ್ ಶೇಕಡಾ 125 ಮುಂತಾದ ಬಿಡಿ ಅಳತೆಯಲ್ಲಿದೆಯೇ ಎಂದು ನೋಡಿ 100ಕ್ಕೆ ತನ್ನಿ.

3. ಬೇರೆ ಲಕ್ಷಣಗಳನ್ನು ಗಮನಿಸಿ. ಬೆಳಕು ಹೆಚ್ಚು ಕಡಿಮೆ ಮಾಡುವ ಕೀಲಿಗಳು ಕೆಲಸ ಮಾಡದಿರುವುದು, ವಿಡಿಯೋ ತಡವರಿಸುವುದು, ಫ್ಯಾನ್ ಸದಾ ಸದ್ದು ಮಾಡುವುದು - ಇವು ಜೊತೆಗಿದ್ದರೆ ಚಿಪ್ ಮಾಡಬೇಕಾದ ಕೆಲಸವನ್ನು ಮುಖ್ಯ ಪ್ರೊಸೆಸರ್ ಒಂದೇ ಹೊತ್ತುಕೊಂಡಿದೆ. 'ಅಬೌಟ್' ಪುಟದಲ್ಲಿ ಗ್ರಾಫಿಕ್ಸ್ ಎಂಬಲ್ಲಿ 'ಎಲ್‌ಎಲ್‌ವಿಎಂಪೈಪ್' ಎಂದಿದ್ದರೆ ಇದು ಖಚಿತ. ಹೊಸ ಯಂತ್ರಗಳಲ್ಲಿ ಸಾಮಾನ್ಯ ಡ್ರೈವರ್ ಇದ್ದರೂ ಅಳತೆ ಸರಿಯಾಗಿಯೇ ಬರುವುದುಂಟು. ಆಗಲೂ ಈ ಲಕ್ಷಣಗಳಿಂದ ಅದನ್ನು ಗುರುತಿಸಬಹುದು.

4. ಟರ್ಮಿನಲ್ ತೆರೆದು ಇಂಗ್ಲಿಷಿನ ಎಲ್, ಎಸ್, ಪಿ, ಸಿ, ಐ ಎಂಬ ಐದು ಸಣ್ಣಕ್ಷರಗಳನ್ನು ಒಟ್ಟಾಗಿ ಬರೆದು, ಒಂದು ಎಡೆ ಬಿಟ್ಟು, ಕಿರುಗೆರೆ ಮತ್ತು ಕೆ ಅಕ್ಷರ ಒತ್ತಿ. ಯಂತ್ರದ ಭಾಗಗಳ ಪಟ್ಟಿ ಬರುತ್ತದೆ. ಅದರಲ್ಲಿ 'ವಿಜಿಎ' ಎಂಬ ಸಾಲಿನ ಕೆಳಗೆ 'ಕರ್ನಲ್ ಡ್ರೈವರ್ ಇನ್ ಯೂಸ್' ಎಂದು ಇದೆಯೇ ನೋಡಿ. ಇಂಟೆಲ್ ಆದರೆ 'ಐ915', ಎಎಂಡಿ ಆದರೆ 'ರೇಡಿಯಾನ್' ಅಥವಾ 'ಎಎಂಡಿಜಿಪಿಯು', ಎನ್‌ವಿಡಿಯಾ ಆದರೆ 'ನೂವೋ' ಅಥವಾ 'ಎನ್‌ವಿಡಿಯಾ' ಎಂದು ಸಾಮಾನ್ಯವಾಗಿ ಇರುತ್ತದೆ. ಆ ಸಾಲೇ ಇಲ್ಲದಿದ್ದರೆ ಚಿಪ್ಪಿಗೆ ತನ್ನ ಡ್ರೈವರ್ ಸಿಕ್ಕಿಲ್ಲ.

ಸರಿಪಡಿಸುವ ಕ್ರಮ

ಮೊದಲು ಮುಖ್ಯವಾದ ಕಡತಗಳನ್ನೆಲ್ಲ ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳಿ. ಅನಂತರ 'ನೋಮೋಡ್‌ಸೆಟ್' ಪದವನ್ನು ಹುಡುಕಿ. ಗಣಕ ಏಳುವಾಗ ಶಿಫ್ಟ್ ಅಥವಾ ಎಸ್ಕೇಪ್ ಕೀಲಿ ಒತ್ತಿದರೆ ಗ್ರಬ್ ಎಂಬ ಪಟ್ಟಿ ಬರುತ್ತದೆ. ಅಲ್ಲಿ ಇ ಅಕ್ಷರ ಒತ್ತಿ, 'ಲಿನಕ್ಸ್' ಎಂದು ಆರಂಭವಾಗುವ ಸಾಲಿನಲ್ಲಿ ಆ ಪದವಿದ್ದರೆ ಅಳಿಸಿ, ಎಫ್10 ಒತ್ತಿ. ಈ ಬದಲಾವಣೆ ಆ ಒಂದು ಸಲಕ್ಕೆ ಮಾತ್ರ. ಪರದೆ ಕಪ್ಪಾದರೂ ಹೆದರಬೇಕಾಗಿಲ್ಲ. ಯಂತ್ರವನ್ನು ನಿಲ್ಲಿಸಿ ಮತ್ತೆ ಆರಂಭಿಸಿದರೆ ಮೊದಲಿನ ಸ್ಥಿತಿಗೇ ಬರುತ್ತದೆ. ಪರದೆ ಸ್ಪಷ್ಟವಾಗಿ ಬಂದರೆ, 'ಇಟಿಸಿ' ಕಡತಕೋಶದೊಳಗಿನ 'ಡಿಫಾಲ್ಟ್' ಕೋಶದಲ್ಲಿ 'ಗ್ರಬ್' ಎಂಬ ಕಡತವನ್ನು ಮೇಲ್ವಿಚಾರಕರ ಅಧಿಕಾರದಿಂದ ತೆರೆದು ಅದೇ ಪದವನ್ನು ಅಳಿಸಿ ಉಳಿಸಿಕೊಳ್ಳಿ. ಉಬುಂಟು, ಮಿಂಟ್, ಡೆಬಿಯನ್‌ಗಳಲ್ಲಿ 'ಅಪ್‌ಡೇಟ್-ಗ್ರಬ್' ಎಂಬ ಆದೇಶವನ್ನು 'ಸುಡೋ' ಸೇರಿಸಿ ಕೊಟ್ಟರೆ ಬದಲಾವಣೆ ಸ್ಥಿರವಾಗುತ್ತದೆ.

ಆ ಪದ ಇಲ್ಲದಿದ್ದರೆ, ಅಥವಾ ಅಳಿಸಿದ ಮೇಲೆ ಪರದೆ ಕಪ್ಪಾದರೆ, ಇಂಟರ್‌ನೆಟ್ ಸಂಪರ್ಕ ಪಡೆದು ಇಡೀ ವ್ಯವಸ್ಥೆಯನ್ನು ಅಪ್‌ಡೇಟ್ ಮಾಡಿ. ಡೆಬಿಯನ್ ಮೂಲದ ಆವೃತ್ತಿಗಳಲ್ಲಿ ಎಎಂಡಿ ಚಿಪ್ಪಿಗೆ ಗ್ರಾಫಿಕ್ಸ್ ಫರ್ಮ್‌ವೇರ್ ಕಟ್ಟನ್ನು ಹಾಕಬೇಕಾಗಬಹುದು. ಮಿಂಟ್‌ನಲ್ಲಿ 'ಡ್ರೈವರ್ ಮ್ಯಾನೇಜರ್', ಉಬುಂಟುವಿನಲ್ಲಿ 'ಅಡಿಷನಲ್ ಡ್ರೈವರ್ಸ್' ಎಂಬ ಸಲಕರಣೆ ತೆರೆದರೆ ಎನ್‌ವಿಡಿಯಾ ಚಿಪ್ಪಿಗೆ ಯಾವ ಡ್ರೈವರ್ ಹೊಂದುತ್ತದೆ ಎಂದು ಅದೇ ಸೂಚಿಸುತ್ತದೆ. ಸೂಚಿಸಿದ್ದನ್ನು ಆರಿಸಿ, ಯಂತ್ರವನ್ನು ಮತ್ತೆ ಆರಂಭಿಸಿ.

ಇಷ್ಟಾದರೂ ಸರಿಹೋಗದಿದ್ದರೆ ಹೊಸ ಲಿನಕ್ಸ್ ಆವೃತ್ತಿಯೊಂದನ್ನು ಪೆನ್‌ಡ್ರೈವಿನಲ್ಲಿ ಹಾಕಿ, ಅದರಿಂದಲೇ ಯಂತ್ರವನ್ನು ಎಬ್ಬಿಸಿ ನೋಡಿ. ಹಾರ್ಡ್ ಡಿಸ್ಕನ್ನು ಮುಟ್ಟದೆಯೇ ಪರೀಕ್ಷೆ ಮುಗಿಯುತ್ತದೆ. ಅಲ್ಲಿ ಅಕ್ಷರ ಸ್ಪಷ್ಟವಾಗಿ ಕಂಡರೆ ಪರದೆ ಆರೋಗ್ಯವಾಗಿದೆಯೆಂದು ನಿಶ್ಚಯವಾಯಿತು. ಆ ಆವೃತ್ತಿಯನ್ನೇ ಹಾಕಿಕೊಳ್ಳಬಹುದು.

ಮಾಡಬಾರದ ಕೆಲಸಗಳು

ವಿಂಡೋಸ್‌ಗಾಗಿ ಬರೆದ ಗ್ರಾಫಿಕ್ಸ್ ಡ್ರೈವರನ್ನು ಲಿನಕ್ಸಿಗೆ ಹಾಕಲು ಹೋಗಬಾರದು, ಅದು ನಡೆಯುವುದಿಲ್ಲ. ಗುರುತುಪರಿಚಯವಿಲ್ಲದ ಜಾಲತಾಣಗಳಿಂದ ಡ್ರೈವರ್ ಇಳಿಸಿಕೊಳ್ಳಬಾರದು. ಅರ್ಥ ತಿಳಿಯದ ಆದೇಶಗಳನ್ನು 'ಸುಡೋ' ಸೇರಿಸಿ ಕೊಡಬಾರದು. ಆ ಪದಕ್ಕೆ ಮನೆಯ ಬೀಗದ ಕೈಯಷ್ಟೇ ಬೆಲೆಯಿದೆ. ಪರದೆಯನ್ನು ಒದ್ದೆ ಬಟ್ಟೆಯಿಂದ ಒತ್ತಿ ಒರೆಸಿದರೆ ಮಸುಕು ಹೋಗುವುದಿಲ್ಲ, ಪರದೆಯೇ ಹಾಳಾದೀತು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅದನ್ನು ನೋಟ್‌ಪುಸ್ತಕದಲ್ಲಿ ಬರೆದಿಡಿ. ಪ್ರಯೋಗಶಾಲೆಯ ಈ ಶಿಸ್ತು ಇಲ್ಲಿಯೂ ಬೇಕು.

ಪೋಷಕರಿಗೆ ಒಂದು ಮಾತು

ಮಗುವಿಗೆ ಕರಿಹಲಗೆಯೂ ದೂರದ ಬಸ್ಸಿನ ಹೆಸರೂ ಮಸುಕಾಗಿ ಕಂಡರೆ ತಡಮಾಡದೆ ಕಣ್ಣಿನ ವೈದ್ಯರಿಗೆ ತೋರಿಸಿ. ಎಲ್ಲವೂ ಚೆನ್ನಾಗಿ ಕಂಡು, ಆ ಒಂದು ಲ್ಯಾಪ್‌ಟಾಪ್ ಮಾತ್ರ ಮಸುಕಾಗಿದ್ದರೆ ಮೇಲೆ ಹೇಳಿದ ಪರೀಕ್ಷೆಗಳನ್ನು ಮಗುವಿನ ಕೈಯಿಂದಲೇ ಮಾಡಿಸಿ. ಅಂಗಡಿಗೆ ಒಯ್ಯಲೇಬೇಕಾದರೆ, "ಪರದೆ ಬದಲಿಸಿ" ಎನ್ನುವ ಮೊದಲು "ರೆಸಲ್ಯೂಷನ್ ಎಷ್ಟಿದೆ, ಯಾವ ಡ್ರೈವರ್ ನಡೆಯುತ್ತಿದೆ, ಪೆನ್‌ಡ್ರೈವಿನಿಂದ ಎಬ್ಬಿಸಿ ನೋಡಿದಿರಾ?" ಎಂದು ಕೇಳಿ. ಈ ಮೂರು ಪ್ರಶ್ನೆಗಳು ಮನೆಯ ಎಷ್ಟೋ ಹಣವನ್ನು ಉಳಿಸಬಲ್ಲವು.

ವಿದ್ಯಾರ್ಥಿ ಮಿತ್ರರೇ, ಯಂತ್ರ ಕೆಟ್ಟಿತು ಎಂದು ತೀರ್ಮಾನಿಸುವುದು ಸುಲಭ. ಯಾವ ಭಾಗ, ಯಾವ ಕಾರಣಕ್ಕೆ ಕೆಟ್ಟಿತು ಎಂದು ಒಂದೊಂದಾಗಿ ಪರೀಕ್ಷಿಸಿ ತಿಳಿಯುವುದೇ ವಿಜ್ಞಾನ. ಗುಜರಿಗೆ ಹೋಗಬೇಕಿದ್ದ ಲ್ಯಾಪ್‌ಟಾಪೊಂದನ್ನು ನಿಮ್ಮಲ್ಲಿ ಒಬ್ಬರು ಈ ವರ್ಷ ಉಳಿಸಿ, ಅದರಲ್ಲಿ ಒಬ್ಬ ತಮ್ಮನೋ ತಂಗಿಯೋ 'ರಾಷ್ಟ್ರ' ಎಂಬ ಪದವನ್ನು ಒಂದು ಒತ್ತೂ ತಪ್ಪದಂತೆ ಓದಿದರೆ ಈ ಬರಹದ ಉದ್ದೇಶ ಈಡೇರಿದಂತೆ.